ಹಂಡೆ ಒಲೆಯೋ ಹೀಟ್ ಪಂಪೋ: ಶಿರಸಿಯ ಲೆಕ್ಕ ಬೇರೆ, ಕಾರವಾರದ ಲೆಕ್ಕ ಬೇರೆ

ಆರಿದ್ರಾ ಮಳೆ ಹಿಡಿಯಿತೆಂದರೆ ಮಾಡಿನ ಮೇಲಿನ ಸೋಲಾರ್ ಹೀಟರ್‌ನಿಂದ ಬರುವುದು ಉಗುರುಬೆಚ್ಚನೆ ನೀರು, ಅದೂ ಪುಣ್ಯವಿದ್ದರೆ. ಬಿಸಿನೀರು ತೀರಾ ಬೇಕಾಗುವುದೂ ಅದೇ ಮೂರು ತಿಂಗಳು. ಹಾಗಾಗಿ ಉತ್ತರ ಕನ್ನಡದ ಮನೆಗಳಲ್ಲಿ ಮಾತು ಕೊನೆಗೆ ಬಂದು ನಿಲ್ಲುವುದು ಎರಡರಲ್ಲಿ: ಬಚ್ಚಲ ಹಂಡೆ ಒಲೆಯನ್ನೇ ಇಟ್ಟುಕೊಳ್ಳುವುದೋ, ಅಂಗಡಿಯವರು ತೋರಿಸುವ 200 ಲೀಟರಿನ ಹೀಟ್ ಪಂಪ್ ತರುವುದೋ. ಸುತ್ತಲಿನ ಗಾಳಿಯ ಬಿಸಿಯನ್ನೇ ಎಳೆದು ನೀರಿಗೆ ತುಂಬುವ ಯಂತ್ರ ಅದು. ಚಳಿ ದೇಶದವರು ಹೀಟ್ ಪಂಪೋ ಫರ್ನೇಸೋ (ಇಂಧನ ಉರಿಸುವ ದೊಡ್ಡ ಒಲೆ) ಎಂದು ಕೇಳುವುದು ಇಡೀ ಮನೆ ಬೆಚ್ಚಗಿಡಲು. ಹೊರಗಿನ ಗಾಳಿ ಸೊನ್ನೆಯತ್ತ ಇಳಿದಾಗ ಅಲ್ಲಿ ಪಂಪಿನ ಸುರುಳಿಗೆ ಹಿಮ ಕಟ್ಟುತ್ತದೆ, ಕೆಲಸ ಕುಂಠಿತವಾಗುತ್ತದೆ. ನಮಗೆ ಆ ಕಷ್ಟವಿಲ್ಲ. ಮಳೆಗಾಲದ 22–25 ಡಿಗ್ರಿಯ ತೇವದ ಗಾಳಿ ಈ ಯಂತ್ರಕ್ಕೆ ಹಬ್ಬದೂಟ.

ಮೊದಲು ಲೆಕ್ಕ. ಬಾವಿಯ 24 ಡಿಗ್ರಿ ನೀರು 200 ಲೀಟರನ್ನು 50 ಡಿಗ್ರಿಗೆ ಏರಿಸಲು ಸುಮಾರು 6 ಯೂನಿಟ್ ಶಾಖ ಬೇಕು. ಸಾದಾ ಗೀಸರ್ ಅಷ್ಟನ್ನೂ ಮೀಟರಿನಿಂದ ತಿನ್ನುತ್ತದೆ. ಸರಿಯಾಗಿ ಕೂರಿಸಿದ ಹೀಟ್ ಪಂಪ್ 2 ಯೂನಿಟ್ ಒಳಗೆ ಮುಗಿಸುತ್ತದೆ. ತಿಂಗಳಿಗೆ 180 ಎಲ್ಲಿ, 60 ಎಲ್ಲಿ! ಗೃಹಜ್ಯೋತಿ ಇರುವ ಮನೆಗೆ ಈ ಅಂತರ ಇನ್ನೂ ದೊಡ್ಡದು. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನೇ ಕಟ್ಟಬೇಕಲ್ಲ. ಫ್ರಿಜ್ಜು, ಮಿಕ್ಸಿ, ಪಂಪುಗಳ ಜೊತೆ ಗೀಸರಿನ 180 ಸೇರಿದರೆ ದಾಟದೆ ಇರುವುದಿಲ್ಲ.

ಆದರೆ ಅಂಗಡಿಯವರು ಹೇಳುವ 'ಮೂರೇ ವರ್ಷದಲ್ಲಿ ಹಣ ವಾಪಸ್' ಎಲ್ಲರಿಗೂ ಹೊಂದುವುದಿಲ್ಲ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಉಳಿಯುವುದು ತಿಂಗಳಿಗೆ 720 ರೂಪಾಯಿ. ಯಂತ್ರ, ಪೈಪು, ಕೂಲಿ ಎಲ್ಲ ಸೇರಿ ಲಕ್ಷದ ಆಸುಪಾಸು ಬಿದ್ದರೆ ಹನ್ನೊಂದು–ಹನ್ನೆರಡು ವರ್ಷದ ಮಾತು. ಇಬ್ಬರೇ ಇರುವ ಮನೆಗೆ ಇದು ಬೇಡವೇ ಬೇಡ, 15 ಲೀಟರಿನ ಗೀಸರ್ ಸಾಕು. ಗೋಕರ್ಣ, ಮುರ್ಡೇಶ್ವರ, ಯಾಣದ ದಾರಿಯಲ್ಲಿ ಹೋಂಸ್ಟೇ ನಡೆಸಿ ದಿನಕ್ಕೆ 500 ಲೀಟರ್ ಕಾಯಿಸುವವರು ಮಾತ್ರ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ಇನ್ನು ಒಲೆ. ಒಣಗಿದ ಕಟ್ಟಿಗೆ ಕೆಜಿಗೆ ಸುಮಾರು 4 ಯೂನಿಟ್ ಶಾಖ ಕೊಡುತ್ತದೆ, ಆದರೆ ಹಳೆಯ ಹಂಡೆ ಒಲೆ ನೀರಿಗೆ ಮುಟ್ಟಿಸುವುದು ಅದರಲ್ಲಿ ನೂರಕ್ಕೆ ಹದಿನೈದು. ಅಲ್ಲಿಗೆ ಅದೇ 200 ಲೀಟರಿಗೆ 10 ಕೆಜಿ ಕಟ್ಟಿಗೆ, ವರ್ಷಕ್ಕೆ ಮೂರೂವರೆ ಟನ್. ಜೂನ್‌ನಲ್ಲಿ ಹಸಿ ಕಟ್ಟಿಗೆ ಒಟ್ಟಿದರೆ ಅದರ ದುಪ್ಪಟ್ಟು, ಜೊತೆಗೆ ಕಣ್ಣು ಬಿಡಲಾಗದಷ್ಟು ಹೊಗೆ. ಆ ಹೊಗೆ ಕುಡಿಯುವವರು ಬೆಳಿಗ್ಗೆ ನಾಲ್ಕೂವರೆಗೆದ್ದು ಒಲೆ ಹಚ್ಚುವ ಹೆಂಗಸರು; ಬಿಟ್ಟಿ ಬೆಂಕಿ ಎನ್ನುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಹಾಗಂತ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟ–ಬೆಟ್ಟ ಇರುವವರು ಒಲೆ ಒಡೆಯಬೇಕೆಂದಲ್ಲ. ಅಡಿಕೆ ಸಿಪ್ಪೆ, ಒಣ ಸೋಗೆ, ಕರಟ ಎಲ್ಲ ಮನೆಯಲ್ಲೇ ಬಿದ್ದಿರುವಾಗ ಮೊದಲ ಖರ್ಚು ಒಲೆಯ ಮೇಲೇ ಆಗಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಅಡುಗೆ ಒಲೆಗೆ ಮಾಡಿ ತೋರಿಸಿದ್ದೇ ಇಲ್ಲಿಗೂ ಸಲ್ಲುತ್ತದೆ: ಕಟ್ಟಿಗೆಯ ಅಡಿಗೆ ಸರಳಿನ ಜಾಲರಿ, ಮುಚ್ಚಿದ ಉರಿಗೂಡು, ಹೊಗೆ ಕೊಳವೆ. ಹಂಡೆಯ ತಳದಿಂದ ಜಾಲರಿಗೆ ಒಂದು ಗೇಣು, ಹಂಡೆಯ ಸುತ್ತ ಉರಿ ಹಾಯಲು ಒಂದಿಂಚು ಸಂದು, 4 ಇಂಚಿನ ಕೊಳವೆ ಮಾಡಿನ ತುದಿಗಿಂತ ಎರಡಡಿ ಮೇಲೆ. ಇಷ್ಟಾದರೆ ಕಟ್ಟಿಗೆ ಅರ್ಧಕ್ಕಿಳಿಯುತ್ತದೆ. ಹಂಡೆಯ ತಳವನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ: ಎಮ್ಮೆ ಚರ್ಮದಷ್ಟು ದಪ್ಪ, ಒತ್ತಿದರೆ ಪುಡಿಯಾಗುವ ಮಸಿ. ಅದು ಉರಿಗೂ ನೀರಿಗೂ ನಡುವೆ ಹೊದೆಸಿದ ಕಂಬಳಿ. ವಾರಕ್ಕೊಮ್ಮೆ ಕೆರೆದು ತೆಗೆಯಬೇಕು. ಒಲೆಗೆ ಇನ್ನೊಂದು ಗುಣವಿದೆ: ಆಷಾಢದಲ್ಲಿ ಅದರ ಮೇಲೆ ಹರವಿದ ಬಟ್ಟೆ ಒಣಗುತ್ತದೆ, ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದರೂ ನೀರು ಕಾಯುತ್ತದೆ. ಹೀಟ್ ಪಂಪಿನಿಂದ ಎರಡೂ ಆಗದು. ಮನೆಯ ಸಣ್ಣ ಇನ್ವರ್ಟರ್ ಮೇಲೆ ಅದರ ಕಂಪ್ರೆಸರ್ ಏಳುವುದಿಲ್ಲ. ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಮಾಮೂಲಿನ ನಾಲ್ಕೈದು ಪಟ್ಟು.

ಹೀಟ್ ಪಂಪೇ ಆಗಬೇಕೆಂದರೆ ಜಾಗ ನೋಡುವುದರಲ್ಲೇ ಅರ್ಧ ಕೆಲಸ. ನೀರು ತುಂಬಿದ ಟ್ಯಾಂಕ್ ಮುನ್ನೂರು ಕೆಜಿ ಹತ್ತಿರ ತೂಗುತ್ತದೆ. ಮರದ ಅಟ್ಟ ಬೇಡ, ನೆಲದ ಮೇಲೆ ಕಟ್ಟೆ ಕಟ್ಟಿ. ಬಚ್ಚಲಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು: ಮುಕ್ಕಾಲಿಂಚಿನ ಪೈಪು 15 ಮೀಟರ್ ಓಡಿದರೆ ಪ್ರತಿಸಲ ನಾಲ್ಕು ಲೀಟರ್ ತಣ್ಣೀರು ಹರಿದ ಮೇಲಷ್ಟೇ ಬಿಸಿ ಸಿಗುವುದು. ಟ್ಯಾಂಕೂ ಯಂತ್ರವೂ ಒಂದೇ ಆಗಿರುವ ಮಾದರಿಯನ್ನು ಸಣ್ಣ ಕೋಣೆಯಲ್ಲಿ ಮುಚ್ಚಿಟ್ಟರೆ ತಾನೇ ತಣಿಸಿದ ಗಾಳಿಯನ್ನು ಮತ್ತೆ ಎಳೆದುಕೊಂಡು ಸೋಲುತ್ತದೆ. ಎಂಟು ಅಡಿ ಎತ್ತರದ ಕೋಣೆಯಾದರೆ ಹತ್ತಡಿಗೆ ಹತ್ತಡಿಯಾದರೂ ಇರಲಿ. ಮಳೆಗಾಲದಲ್ಲಿ ಗಾಳಿಯ ತೇವವೇ ದಿನಕ್ಕೆ ಎರಡು ಮೂರು ಲೀಟರ್ ನೀರಾಗಿ ಇಳಿಯುತ್ತದೆ. ಅದಕ್ಕೆ ಇಳಿಜಾರಿನ ಪೈಪು ಕೊಡದಿದ್ದರೆ 'ಟ್ಯಾಂಕ್ ಸೋರುತ್ತಿದೆ' ಎಂದು ಮೆಕ್ಯಾನಿಕ್‌ನನ್ನು ಸುಮ್ಮನೆ ಕರೆಸಿದಂತಾಗುತ್ತದೆ. ಅದೇ ಕಾರಣಕ್ಕೆ ಕೋಣೆಯ ಬೂಷ್ಟು ಮಾತ್ರ ಕಡಿಮೆಯಾಗುತ್ತದೆ, ನಮ್ಮ ಕಡೆಗೆ ಇದು ಸಣ್ಣ ಲಾಭವಲ್ಲ.

ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ನಿಜವಾದ ಶತ್ರು ಉಪ್ಪುಗಾಳಿ. ಹೊರಗಿನ ಘಟಕದಲ್ಲಿ ತಾಮ್ರದ ಕೊಳವೆಗೆ ಕಾಗದದಂಥ ಅಲ್ಯೂಮಿನಿಯಂ ಎಲೆಗಳು ಪೋಣಿಸಿರುತ್ತವೆ. ಎರಡು ಲೋಹದ ನಡುವೆ ಉಪ್ಪುನೀರು ಕೂತರೆ ಅಲ್ಯೂಮಿನಿಯಂ ಸವೆಯುತ್ತದೆ. ಮೊದಲು ಬಿಳಿ ಪುಡಿ ಕಾಣುತ್ತದೆ, ಆಮೇಲೆ ಉಗುರು ತಾಗಿಸಿದರೆ ಎಲೆ ಉದುರುತ್ತದೆ. ಆದ್ದರಿಂದ ಘಟಕ ಮನೆಯ ಪೂರ್ವಕ್ಕಿರಲಿ, ಸಮುದ್ರದ ಗಾಳಿಗೆ ಗೋಡೆ ಅಡ್ಡವಿರಲಿ. ಎಲೆಗಳ ಮೇಲೆ ಎಪಾಕ್ಸಿ ಲೇಪವಿದೆಯೇ ಎಂದು ಕೇಳಿ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಸಿಹಿನೀರನ್ನು ಮೆಲ್ಲಗೆ ಹಾಯಿಸಿ. ಪ್ರೆಶರ್ ವಾಷರ್ ಹಿಡಿದರೆ ಎಲೆ ಮಡಚಿಹೋಗುತ್ತದೆ. ಕಾಳಿ, ಅಘನಾಶಿನಿ ಅಳಿವೆಯ ಹತ್ತಿರ ಏಪ್ರಿಲ್–ಮೇನಲ್ಲಿ ಬಾವಿ ನೀರು ಉಪ್ಪಾಗುವ ಮನೆಗಳಲ್ಲಿ ಟ್ಯಾಂಕಿನೊಳಗಿನ ಮೆಗ್ನೀಸಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟ ಕಡ್ಡಿ ಅದು. ಅದು ಕರಗಿ ಮುಗಿದ ಮೇಲೆ ಟ್ಯಾಂಕಿನ ಸರದಿ.

ಬಿಲ್ ಇಳಿಯಲಿಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಒಂದೇ. ಟ್ಯಾಂಕಿನೊಳಗೆ ಒಂದೂವರೆ–ಎರಡು ಕಿಲೋವಾಟ್‌ನ ಹೀಟರ್ ರಾಡ್ ಕೂಡ ಇರುತ್ತದೆ, ಕೂರಿಸಲು ಬಂದವರು ಅದನ್ನು ತಾನಾಗಿಯೇ ಓಡುವ 'ಆಟೋ' ಸೆಟ್ಟಿಂಗಿನಲ್ಲಿ ಬಿಟ್ಟುಹೋಗುತ್ತಾರೆ. ಆಮೇಲೆ ಅದು ದುಬಾರಿ ಗೀಸರ್ ಅಷ್ಟೇ. ಪರೀಕ್ಷೆ ಸುಲಭ: ಉಳಿದೆಲ್ಲ ಆಫ್ ಮಾಡಿ, ಟ್ಯಾಂಕ್ ಕಾಯುವ ಮೊದಲು ಮತ್ತು ನಂತರ ಮೀಟರ್ ಓದಿ. 50 ಡಿಗ್ರಿಗೆ 3 ಯೂನಿಟ್ ದಾಟಿದರೆ ರಾಡ್ ಓಡುತ್ತಿದೆ, ಇಲ್ಲವೇ ಯಂತ್ರದೊಳಗೆ ಬಿಸಿ ಹೊತ್ತು ತಿರುಗುವ ಗ್ಯಾಸ್ ಕಡಿಮೆಯಾಗಿದೆ. ಬೆಚ್ಚಗಿನ ದಿನವೂ ಸುರುಳಿಗೆ ಹಿಮ ಕಟ್ಟಿದ್ದರೆ ಫ್ಯಾನ್ ಅಥವಾ ಗ್ಯಾಸಿನ ತೊಂದರೆ. ರಾಡ್ ವಾರಕ್ಕೊಮ್ಮೆ ಟ್ಯಾಂಕನ್ನು 60 ಡಿಗ್ರಿಗೆ ಏರಿಸಲು ಸಾಕು, ನಿಂತ ನೀರಿನ ರೋಗಾಣು ಸಾಯಲು ಅಷ್ಟು ಬೇಕು.

ಟೈಮರ್ ಮಧ್ಯಾಹ್ನ 1ರಿಂದ 4ಕ್ಕೆ ಇಡಿ. ಗಾಳಿ ಬೆಚ್ಚಗಿರುತ್ತದೆ, ಸಂಜೆಯ ವೋಲ್ಟೇಜ್ ಕುಸಿತವೂ ತಪ್ಪುತ್ತದೆ. ಹಳ್ಳಿಯ ಲೈನಿನಲ್ಲಿ 180 ವೋಲ್ಟಿಗಿಂತ ಇಳಿಯುವುದಾದರೆ, ಮರುಚಾಲನೆಗೆ ಮೂರು ನಿಮಿಷ ತಡೆ ಇರುವ ಸ್ಟೆಬಿಲೈಸರ್ ಬೇಕೇ ಬೇಕು. ಏಪ್ರಿಲ್–ಮೇನ ಗುಡುಗಿನ ಸಂಜೆ ಪ್ಲಗ್ ಕಿತ್ತಿಡಿ. ಸಿಡಿಲಿಗೆ ಮೊದಲು ಹೋಗುವುದು ಕಂಟ್ರೋಲ್ ಬೋರ್ಡ್. ಅದರ ಪೆಟ್ಟಿಗೆಯ ಸಂದಿಗೂ ರಬ್ಬರ್ ತುಂಬಿ, ಇರುವೆ ಹಲ್ಲಿ ನುಗ್ಗಿ ಶಾರ್ಟ್ ಆಗುವುದು ಇಲ್ಲಿ ಮಾಮೂಲು.

ಹಣ ಕೊಡುವ ಮೊದಲು ಅಂಗಡಿಯವರಲ್ಲಿ ಎರಡು ಕೇಳಿ: ಆ ಬೋರ್ಡಿನ ಸ್ಟಾಕ್ ಎಲ್ಲಿದೆ, ಯಂತ್ರಕ್ಕೆ ಯಾವ ಗ್ಯಾಸ್. ಆರ್-134ಎ ಅಥವಾ ಆರ್-32 ಆದರೆ ಊರಿನ ಎಸಿ ಮೆಕ್ಯಾನಿಕ್‌ಗೂ ಪರಿಚಿತ. ಬೋರ್ಡ್ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರಬೇಕೆಂದರೆ ಎಷ್ಟು ದಿನವೆಂದು ಬರೆಸಿಕೊಳ್ಳಿ. ಅಷ್ಟು ದಿನಕ್ಕಾಗುವ ಒಣ ಕಟ್ಟಿಗೆ ಕೊಟ್ಟಿಗೆಯಲ್ಲಿರಲಿ.