ಮಿತಿ ಇದೆ, ಎರಡನೇ ಜೇಬಿಲ್ಲ: ಆನ್‌ಲೈನ್ ಕ್ಯಾಸಿನೊ ಖಾತೆಯಲ್ಲಿ ಮೂರು ವರ್ಷ

2023ರ ಜನವರಿಯಲ್ಲಿ ಖಾತೆ ತೆರೆದ ದಿನವೇ, ಅದಕ್ಕೆ ಹಾಕುವ ದುಡ್ಡಿಗೆ ತಿಂಗಳಿಗೆ 30 ಪೌಂಡ್ ಅಂತ ಮಿತಿ ಹಾಕಿದೆ. ಇವತ್ತಿಗೂ ಅದನ್ನು ಏರಿಸಿಲ್ಲ. ನಾನಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮನೆ ಬಾಡಿಗೆ, ಮಗಳ ಈಜು ಕ್ಲಾಸು, ಊರಿಗೆ ಕಳಿಸುವ ದುಡ್ಡು ಎಲ್ಲ ತೆಗೆದಿಟ್ಟ ಮೇಲೆ ನನ್ನ ಖುಷಿಗೆ ಅಂತ ಉಳಿಯುವುದು ತಿಂಗಳಿಗೆ 60 ಪೌಂಡ್. ಅದರಲ್ಲಿ ಅರ್ಧ ಈ ಆಟಕ್ಕೆ. ಇನ್ನರ್ಧ ಪುಸ್ತಕಕ್ಕೆ, ಹೂಗಿಡಕ್ಕೆ.

ಸೈಟಿನ ಹೆಸರು ಹಾಕುತ್ತಿಲ್ಲ. ಬ್ರಿಟನ್ನಿನ ಪರವಾನಗಿ ಇರುವ ಸೈಟುಗಳಲ್ಲಿ ಈ ಮಿತಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಸೈಟಿನ ಬಣ್ಣ, ಆಟಗಳ ಪಟ್ಟಿ ಎಲ್ಲ ನೀವೇ ನೋಡಿರುತ್ತೀರಿ. ನಾನು ಹೇಳಬೇಕಿರುವುದು ಮಿತಿಗಳ ಬಗ್ಗೆ ಮಾತ್ರ.

ನಾನು ಆಡುವುದು ಅಂದರ್ ಬಾಹರ್. ಹೌದು, ನಮ್ಮ ಊರ ಆಟವೇ. ಸೈಟಿನ ಲೈವ್ ಕ್ಯಾಸಿನೊದಲ್ಲಿ, ಅಂದರೆ ಕ್ಯಾಮೆರಾ ಮುಂದೆ ನಿಜವಾದ ಎಲೆ ಹಂಚುವ ಕಡೆ, ಅದಕ್ಕೂ ಒಂದು ಮೇಜಿದೆ ಅಂತ ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂದಿತ್ತು. ಮಂಡ್ಯ ಕಡೆ ನಮ್ಮೂರಿನಲ್ಲಿ ಯುಗಾದಿ ಮತ್ತು ಹೊಸತೊಡಕಿನ ದಿನ ಅರಳಿಕಟ್ಟೆಯಲ್ಲಿ ಇಸ್ಪೀಟು ನಡೆಯುತ್ತಿತ್ತು. ಅಪ್ಪ ವರ್ಷಕ್ಕೆ ಆ ಎರಡು ದಿನ ಮಾತ್ರ ಕೂರುತ್ತಿದ್ದರು. ಅಂಗಿ ಜೇಬಿನಲ್ಲಿ 50 ರೂಪಾಯಿ. ಗೆದ್ದ ದುಡ್ಡು ಮಾತ್ರ ಅಂಗಿ ಜೇಬಿಗೆ ಹೋಗುತ್ತಿರಲಿಲ್ಲ. ಪಂಚೆ ಸರಿಸಿ, ಒಳಗಿನ ಪಟಾಪಟಿ ಚಡ್ಡಿಯ ಜೇಬಿಗೆ ಇಳಿಯುತ್ತಿತ್ತು. ಅಂಗಿ ಜೇಬು ಖಾಲಿಯಾದರೆ ಎದ್ದು ಬರುತ್ತಿದ್ದರು. ಚಡ್ಡಿ ಜೇಬಿನಲ್ಲಿ ಎಷ್ಟಿದ್ದರೂ ಅಷ್ಟೇ. ಈ ಎರಡು ಜೇಬಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಆಟದ ರಾತ್ರಿ ಶನಿವಾರ, ಅದೂ ಡ್ಯೂಟಿ ಇಲ್ಲದ ಶನಿವಾರ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಆಡುವುದಿಲ್ಲ. ಆಯಾಸದಲ್ಲಿ ಬೆರಳು ತಲೆಗಿಂತ ಮುಂದೆ ಓಡುತ್ತದೆ. ಒಂಬತ್ತಕ್ಕೆ ಮಗಳು ಮಲಗುತ್ತಾಳೆ. ಶುಂಠಿ ಜಜ್ಜಿ ಟೀ ಮಾಡುತ್ತೇನೆ, ಡಬ್ಬಿಯಿಂದ ನಾಲ್ಕು ಕೋಡುಬಳೆ ತಟ್ಟೆಗೆ ಹಾಕಿಕೊಳ್ಳುತ್ತೇನೆ. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಫೋನಿನಲ್ಲಿ ಆ್ಯಪ್ ಬೇಕೆಂದೇ ಹಾಕಿಲ್ಲ. ಪಕ್ಕದಲ್ಲಿ ಮಗಳ ಹಳೇ ನೋಟ್‌ಬುಕ್. ತಾರೀಕು, ಹಾಕಿದ್ದು, ತೆಗೆದದ್ದು, ಶುರುವಾದ ಹೊತ್ತು, ಎದ್ದ ಹೊತ್ತು. ಬರೆಯದೆ ಮೊದಲ ಎಲೆ ನೋಡುವುದಿಲ್ಲ.

ಒಂದು ಕೈಗೆ ಒಂದು ಪೌಂಡ್. ನಡುವೆ ಜೋಕರ್ ಎಲೆ ಬೀಳುತ್ತದೆ, ಆಮೇಲೆ ಅದರ ಜೋಡಿ ಎಲೆ ಬೀಳುವವರೆಗೆ ಒಳಗೆ, ಹೊರಗೆ, ಒಳಗೆ, ಹೊರಗೆ. ಜೋಡಿ ಬಿದ್ದ ಕಡೆ ಗೆಲುವು. ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 51.5. ನಾನು ಕೂರುವ ಮೇಜಿನಲ್ಲಿ ಮೊದಲ ಎಲೆ ಅಂದರ್‌ಗೆ. ಅದಕ್ಕೇ ಅಂದರ್ ಗೆದ್ದರೆ ಪೌಂಡಿಗೆ 90 ಪೆನ್ಸ್ ಮಾತ್ರ ಕೊಡುತ್ತಾರೆ. ಲೆಕ್ಕ ಹಾಕಿದರೆ ನೂರು ಪೌಂಡ್ ಆಡಿದಾಗ ಸರಾಸರಿ ಎರಡು ಪೌಂಡ್ ಚಿಲ್ಲರೆ ಸೈಟಿನವರಿಗೆ ಹೋಗುತ್ತದೆ. ಗಂಟೆಗೆ ಹೆಚ್ಚೆಂದರೆ 60 ಕೈ ಆಡುತ್ತೇನೆ. ಅಂದರೆ ಗಂಟೆಯ ಖುಷಿಗೆ ಸರಾಸರಿ ಒಂದೂಕಾಲು ಪೌಂಡ್ ಬೆಲೆ.

ಗುಂಡಿ ಒತ್ತಿ ಚಿತ್ರದ ಚಕ್ರ ತಿರುಗಿಸುವ ಸ್ಲಾಟ್ ಆಟ ಒಂದು ವಾರ ನೋಡಿ ಬಿಟ್ಟೆ. ಇಲ್ಲಿನ ನಿಯಮದ ಪ್ರಕಾರ ಒಂದು ಸ್ಪಿನ್ನಿಗೂ ಇನ್ನೊಂದಕ್ಕೂ ಕನಿಷ್ಠ ಎರಡೂವರೆ ಸೆಕೆಂಡ್ ಇರಬೇಕು. ಹಾಗಿದ್ದರೂ ಗಂಟೆಗೆ 1,440 ಸಲ ತಿರುಗಿಸಬಹುದು. ಬರೀ 20 ಪೆನ್ಸ್ ಅಂದುಕೊಂಡರೂ ಗಂಟೆಗೆ 288 ಪೌಂಡ್ ಓಡಾಡಿಬಿಡುತ್ತದೆ! ಶೇ. 95 ವಾಪಸ್ ಕೊಡುವ ಆಟವಾದರೂ 14 ಪೌಂಡ್ ಹೋಯಿತು. ಪಣ ಚಿಕ್ಕದು ಅಂತ ನೋಡಿದರೆ ಸಾಲದು, ಎಷ್ಟು ಬೇಗ ಬೇಗ ಆಡುತ್ತೇವೆ ಅಂತಲೂ ನೋಡಬೇಕು. ನನಗೆ ಇದು ಅರ್ಥವಾಗಲು ಒಂದು ವಾರ ಬೇಕಾಯಿತು.

ಈಗ ಇಷ್ಟವಾದದ್ದು. ಮಿತಿ ಇಳಿಸಿದರೆ ತಕ್ಷಣ ಜಾರಿ. ಏರಿಸಬೇಕೆಂದರೆ 24 ಗಂಟೆ ಕಾಯಬೇಕು. ಕಾದ ಮೇಲೂ ತಾನಾಗಿ ಏರುವುದಿಲ್ಲ, ನಾವೇ ಮತ್ತೆ ಹೋಗಿ ಹೌದು ಅನ್ನಬೇಕು. 2023ರ ನವೆಂಬರಿನಲ್ಲಿ ಒಂದು ರಾತ್ರಿ 30 ಮುಗಿದು ಹೋಗಿ, 60 ಮಾಡಿ ಅಂತ ಒತ್ತಿದ್ದೆ. ಮರುದಿನ ರಾತ್ರಿ ಸೈಟ್ ಕೇಳಿತು: ಈಗಲೂ ಬೇಕಾ? ಆಗ ಕುಕ್ಕರ್‌ನಿಂದ ಬೇಳೆ ಇಳಿಸುತ್ತಿದ್ದೆ. ಬೇಡ ಅಂತ ಒತ್ತಿ ಸಾರಿಗೆ ಒಗ್ಗರಣೆ ಹಾಕಿದೆ. ಆ ಒಂದು ದಿನದ ಅಂತರಕ್ಕೆ ನಾನು ಎಷ್ಟು ಋಣಿ ಅಂತ ಹೇಳಲಾರೆ.

ಸಂಬಳ ಬೀಳುವ ಖಾತೆಗೆ ಬೇರೆ ಬೀಗ. ಅದು ಮೊಂಜೊ ಬ್ಯಾಂಕಿನದು. ಅವರ ಆ್ಯಪಿನಲ್ಲಿ 2018ರಿಂದ ಜೂಜಿನ ಪಾವತಿ ತಡೆಯುವ ಒಂದು ಗುಂಡಿ ಇದೆ. ಒಂದು ಸಲ ಹಾಕಿದರೆ ತೆಗೆಸಲು ಅವರ ಜೊತೆ ಮಾತಾಡಿ ಕಡಿಮೆಯೆಂದರೆ 48 ಗಂಟೆ ಕಾಯಬೇಕು. ಆಟದ 30 ಪೌಂಡ್ ಇನ್ನೊಂದು ಬ್ಯಾಂಕಿನ ಡೆಬಿಟ್ ಕಾರ್ಡಿಗೆ ಒಂದನೇ ತಾರೀಕು ಹೋಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನು ಇಲ್ಲಿ 2020ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ, ಒಳ್ಳೆಯದಾಯಿತು. ಬ್ಯಾಂಕಿನ ಕಡೆಯ ಬೀಗ ಯಾಕೆ ಬೇಕು ಅಂದರೆ, ಸೈಟಿನ ಮಿತಿ ಆ ಸೈಟಿಗೆ ಮಾತ್ರ. ಪಕ್ಕದ ಸೈಟಿಗೆ ಹೋದರೆ ನಾನು ಹೊಸಬಳು.

ಇಲ್ಲಿಯವರೆಗೆ ಬರೆದದ್ದು 2024ರ ಯುಗಾದಿವರೆಗಿನ ಅಭಿಪ್ರಾಯ. ಆಗ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಆ ವರ್ಷ ಏಪ್ರಿಲ್ 9, ಮಂಗಳವಾರ. ಹಬ್ಬ ಅಂತ ಶನಿವಾರದ ನಿಯಮ ಸಡಿಲಿಸಿದೆ. ಬೇವು ಬೆಲ್ಲ, ಒಬ್ಬಟ್ಟು ಮುಗಿಸಿ ರಾತ್ರಿ 15 ಪೌಂಡ್ ಹಾಕಿ ಕೂತೆ. ಅಂದು ಎಲೆಗಳು ನನ್ನ ಮಾತು ಕೇಳುತ್ತಿವೆ ಅನ್ನಿಸಿತು. ಒಂದು ಪೌಂಡಿನ ಕೈ ಎರಡಾಯಿತು, ಐದಾಯಿತು, ಹತ್ತಾಯಿತು. ಹನ್ನೊಂದೂವರೆಗೆ ಖಾತೆಯಲ್ಲಿ 212 ಪೌಂಡ್. ಕಾಲು ನೆಲದ ಮೇಲಿರಲಿಲ್ಲ. ಅಲ್ಲಿಂದ ಇಳಿಯಲು ಶುರುವಾಯಿತು. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಸೊನ್ನೆ.

ಯಾವ ಮಿತಿಯೂ ಬಾಯಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಅವಕ್ಕೆ ಗೊತ್ತಿರುವುದು ನಾನು ಮನೆಯಿಂದ ತಂದ 15 ಪೌಂಡ್ ಮಾತ್ರ. ಗೆದ್ದದ್ದನ್ನು ಎಷ್ಟು ಬೇಕಾದರೂ ಕಳೆಯಬಹುದು, ಅದು ಹಾಕಿದ ದುಡ್ಡಿನ ಮಿತಿಗೆ ಸೇರುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ಪರದೆ ಮೇಲೆ ಒಂದು ಎಚ್ಚರಿಕೆ ಬರುತ್ತದೆ, ಇಷ್ಟು ಹೊತ್ತು ಆಡಿದ್ದೀರಿ, ಇಷ್ಟು ಗೆದ್ದಿದ್ದೀರಿ ಅಥವಾ ಸೋತಿದ್ದೀರಿ ಅಂತ. ರಾತ್ರಿ ಒಂದು ಗಂಟೆಗೆ ಅದು ಬಂದಾಗ ನನ್ನ ಹತ್ತಿರ 90 ಉಳಿದಿತ್ತು. 122 ಪೌಂಡ್ ಕಳೆದು ಕೂತಿದ್ದೆ. ಅದು ತೋರಿಸಿದ್ದು 75 ಪೌಂಡ್ ಲಾಭ! ಹಸಿರು ಅಕ್ಷರದಲ್ಲಿ. ಮುಂದುವರಿಸಿ ಅಂತ ಒತ್ತಿದೆ. ಸೈಟಿನಲ್ಲಿ ನಷ್ಟದ ಮಿತಿ ಅಂತಲೂ ಒಂದಿದೆ, ಆಮೇಲೆ ಹುಡುಕಿ ನೋಡಿದೆ. ಅದರದ್ದೂ ಇದೇ ಲೆಕ್ಕ.

ಬೆಳಿಗ್ಗೆ ನಮ್ಮ ಯಜಮಾನರು ಕಣ್ಣು ನೋಡಿ ಕೇಳಿದರು, "ಎಷ್ಟು ಹೋಯ್ತು?" ಹದಿನೈದು ಅಂದೆ. ಸೈಟಿನ ಪ್ರಕಾರ ಅದು ನಿಜ. ನನ್ನೊಳಗೆ ಅದು ನಿಜ ಆಗಿರಲಿಲ್ಲ. ಸಂಜೆ ಕೂತು ಪೂರ್ತಿ ಹೇಳಿದೆ. ಅವರು ಬೈಯಲಿಲ್ಲ. ಅವತ್ತೇ ಒಂದು ತಿಂಗಳು ಖಾತೆಗೆ ಬಿಡುವು ಹಾಕಿದೆ. ಬಿಡುವು ಹಾಕುವುದು ಎರಡು ನಿಮಿಷದ ಕೆಲಸ, ಮಧ್ಯೆ ತೆಗೆಯಲು ಬರುವುದಿಲ್ಲ.

ಆ ತಿಂಗಳಲ್ಲೇ ಅಪ್ಪನ ಚಡ್ಡಿ ಜೇಬು ನೆನಪಾದದ್ದು. ಸೈಟಿಗೆ ಇರುವುದು ಅಂಗಿ ಜೇಬೊಂದೇ. ಎರಡನೆಯದನ್ನು ನಾನೇ ಹೊಲಿದುಕೊಂಡೆ. ಹಾಕಿದ್ದು ದುಪ್ಪಟ್ಟಾದ ಕ್ಷಣವೇ ಆಟ ನಿಲ್ಲಿಸಿ, ಹೆಚ್ಚಿನದ್ದನ್ನೆಲ್ಲ ಬ್ಯಾಂಕಿಗೆ ವಾಪಸ್ ಕಳಿಸುತ್ತೇನೆ. 15 ಹಾಕಿ 34 ಆದರೆ 19 ಆಚೆ. ಉಳಿದ 15ರಲ್ಲಿ ಆಟ. ಒಮ್ಮೆ ಕಳಿಸು ಅಂದ ಮೇಲೆ ಮನಸ್ಸು ಬದಲಾಯಿಸಿ ಅದನ್ನೇ ಮತ್ತೆ ಆಟಕ್ಕೆ ತರಲು ಬರುವುದಿಲ್ಲ. ಮೊದಲು ಸೈಟುಗಳು ಆ ಅವಕಾಶ ಕೊಡುತ್ತಿದ್ದವು. ಬ್ರಿಟನ್ನಿನ ಜೂಜು ಆಯೋಗ 2021ರಲ್ಲಿ ಅದನ್ನು ಪೂರ್ತಿ ನಿಲ್ಲಿಸಿತು. ನನ್ನ ಎರಡನೇ ಜೇಬಿನ ಹೊಲಿಗೆ ಗಟ್ಟಿಯಾಗಿರುವುದು ಆ ನಿಯಮದಿಂದಲೇ.

ಬೋನಸ್ ಮಾತ್ರ ತೆಗೆದುಕೊಳ್ಳಬೇಡಿ. ಹಿಂದೆ ನನಗೆ ಬಂದ 10 ಪೌಂಡ್ ಬೋನಸ್ಸಿನಿಂದ ಗೆದ್ದದ್ದನ್ನು ತೆಗೆಯುವ ಮೊದಲು ಅದರ 35 ಪಟ್ಟು ಆಡಬೇಕು ಅಂತಿತ್ತು, ಅಂದರೆ 350 ಪೌಂಡ್. 2026ರ ಜನವರಿಯಿಂದ 10 ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಆದರೂ ಬೋನಸ್ ಅಂದರೆ ಎರಡನೇ ಜೇಬಿನ ಬಾಯಿ ಹೊಲಿದ ಹಾಗೆಯೇ.

ನೋಟ್‌ಬುಕ್ಕಿನ ಪ್ರಕಾರ ಕಳೆದ ಡಿಸೆಂಬರ್‌ವರೆಗಿನ 36 ತಿಂಗಳಲ್ಲಿ ಹಾಕಿದ್ದು 790 ಪೌಂಡ್, ತೆಗೆದದ್ದು 548. ಖರ್ಚು 242. ತಿಂಗಳಿಗೆ ಏಳು ಪೌಂಡಿಗೂ ಕಡಿಮೆ. ಇದರಿಂದ ದುಡ್ಡು ಮಾಡಬಹುದು ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ನನ್ನ ಮಟ್ಟಿಗೆ ಇದು ಸಿನಿಮಾ ಟಿಕೆಟ್ಟಿನ ಹಾಗೆ ಕೊಟ್ಟು ಮರೆಯುವ ದುಡ್ಡು.

ನನ್ನ ವಾರ್ಡಿನ ಒಬ್ಬಾಕೆಗೆ ಈ ಮಿತಿಗಳು ಸಾಕಾಗಲಿಲ್ಲ. ಬಾಡಿಗೆ ದುಡ್ಡಿಗೆ ಕೈ ಹಾಕುವ ಮಟ್ಟಕ್ಕೆ ಹೋಗಿತ್ತು. ಆಕೆ ಗ್ಯಾಮ್‌ಸ್ಟಾಪ್ ಅನ್ನುವ ಜೂಜು ತಡೆ ಸೇವೆಯಲ್ಲಿ ಐದು ವರ್ಷಕ್ಕೆ ಹೆಸರು ಬರೆಸಿದಳು. ಉಚಿತ, ಇಲ್ಲಿನ ಪರವಾನಗಿ ಇರುವ ಎಲ್ಲ ಸೈಟುಗಳೂ ಒಟ್ಟಿಗೆ ಬಾಗಿಲು ಹಾಕುತ್ತವೆ. ಆರು ತಿಂಗಳು, ಒಂದು ವರ್ಷ ಅಂತಲೂ ಆಯ್ದುಕೊಳ್ಳಬಹುದು. ಈಗ ಮೊದಲಿನ ಹಾಗೆ ನಗುತ್ತಾಳೆ. ಎಲ್ಲರಿಗೂ 30 ಪೌಂಡಿನ ಮಿತಿ ಸಾಕು ಅಂತ ನಾನು ಹೇಳಲಾರೆ.

ಊರಿಂದ ತಮ್ಮ ಕೇಳಿದ, "ಅಕ್ಕಾ, ನಾನೂ ಆಡ್ಲಾ?" ಬೇಡ ಕಣೋ ಅಂದೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಕದ್ದುಮುಚ್ಚಿ ನಡೆಯುವ ಸೈಟಿನಲ್ಲಿ 24 ಗಂಟೆ ಕಾಯಿಸುವವರು ಯಾರಿರುತ್ತಾರೆ? ಗೆದ್ದದ್ದು ಕೊಡುತ್ತಾರೆ ಅನ್ನುವುದಕ್ಕೂ ಖಾತ್ರಿ ಇಲ್ಲ.

ಸೈಟಿನವರಿಗೆ ಎರಡು ಸಲ ಬರೆದಿದ್ದೇನೆ. ಗೆದ್ದದ್ದರಲ್ಲಿ ಇಷ್ಟು ಭಾಗ ತಾನಾಗಿ ಬ್ಯಾಂಕಿಗೆ ಹೋಗಲಿ ಅಂತ ಮೊದಲೇ ಹೇಳಿಡುವ ಒಂದು ಗುಂಡಿ ಕೊಡಿ ಅಂತ. ಆ ರಾತ್ರಿಯ ಅತಿ ಹೆಚ್ಚು ಮೊತ್ತದಿಂದ ಎಷ್ಟು ಇಳಿದಿದ್ದೇನೆ ಅಂತ ಎಚ್ಚರಿಕೆಯಲ್ಲಿ ತೋರಿಸಿ ಅಂತಲೂ. ಎರಡೂ ಸಲ ಸಲಹೆಗೆ ಧನ್ಯವಾದ ಅಂತ ಉತ್ತರ ಬಂತು. ಸದ್ಯಕ್ಕೆ ಐದಕ್ಕೆ ಮೂರು. ಆ ಗುಂಡಿ ಬಂದ ದಿನ ಇಲ್ಲಿ ತಿದ್ದಿ ನಾಲ್ಕೂವರೆ ಮಾಡುತ್ತೇನೆ.