ಡಿಡಿ ಕೈಗೆ ಬಂತು ಅಂತ ಕಾರಿನ ಕೀ ಕೊಟ್ಬಿಡ್ಬೇಡಿ

ಚೆಕ್ ಬೌನ್ಸ್ ಆಗುತ್ತೆ, ಡಿಡಿ (ಬ್ಯಾಂಕೇ ಬರೆದುಕೊಡೋ ಡಿಮ್ಯಾಂಡ್ ಡ್ರಾಫ್ಟ್) ಆಗಲ್ಲ ಅಂತ ನಮ್ಮಪ್ಪ ಯಾವಾಗ್ಲೂ ಹೇಳೋರು. ನಾನೂ ಅದನ್ನೇ ನಂಬ್ಕೊಂಡಿದ್ದೆ, ಆ ನಂಬಿಕೆಗೆ ಒಂದೂವರೆ ತಿಂಗಳು ಅಲೆದಿದೀನಿ.

ನನ್ನ ಹಳೇ ಸ್ವಿಫ್ಟ್ ಮಾರಕ್ಕೆ ಆನ್‌ಲೈನಲ್ಲಿ ಹಾಕಿದ್ದೆ. ಒಬ್ರು ಬಂದು ನೋಡಿದ್ರು, 3,60,000ಕ್ಕೆ ಮಾತಾಯ್ತು. ಎರಡನೇ ಶನಿವಾರ ಸಂಜೆ ಡಿಡಿ ಹಿಡ್ಕೊಂಡು ಬಂದ್ರು. ಬ್ಯಾಂಕ್ ರಜ, ಫೋನ್ ಮಾಡಿ ಕೇಳೋಣ ಅಂದ್ರೆ ಎತ್ತೋರಿಲ್ಲ. ಡಿಡಿ ಮೇಲೆ ನನ್ನ ಹೆಸರು ಸರಿಯಾಗಿತ್ತು, ಆದ್ರೆ ಡಿಡಿ ತೆಗೆಸಿದವರ ಹೆಸರು ಇವರದ್ದಲ್ಲ (2018ರ ಸೆಪ್ಟೆಂಬರ್ 15ರಿಂದ ಅದನ್ನೂ ಪ್ರಿಂಟ್ ಮಾಡ್ತಾರೆ, ನೋಡೋರು ಕಮ್ಮಿ). ಕೇಳಿದ್ದಕ್ಕೆ "ನಮ್ಮ ಅಳಿಯಂದು ಸಾರ್" ಅಂದ್ರು. ಕಾಫಿ ಕುಡಿದ್ರು, ನಾನು ಗಾಡಿ ಅವ್ರ ಹೆಸರಿಗೆ ಮಾಡೋ ಫಾರ್ಮ್ 29, 30ಕ್ಕೆ ಸೈನ್ ಹಾಕಿ ಆರ್‌ಸಿ, ಎರಡೂ ಕೀ ಎಲ್ಲಾ ಕೊಟ್ಟೆ.

ಸೋಮವಾರ ನನ್ನ ಬ್ಯಾಂಕಿಗೆ ಹಾಕ್ದೆ. ಮಂಗಳವಾರ ಸಂಜೆ ರಿಟರ್ನ್. ಡಿಡಿಗೆ ಪಿನ್ ಹೊಡೆದಿದ್ದ ಬೆರಳಗಲದ ಚೀಟಿ, ಅದ್ರಲ್ಲಿ "ಪೇಮೆಂಟ್ ಸ್ಟಾಪ್ಡ್" ಅಂತ. ಕೌಂಟರಲ್ಲಿದ್ದ ಮೇಡಂ ಕೂಡ ಎರಡು ಸಲ ಓದಿದ್ರು. ಡಿಡಿಗೂ ಸ್ಟಾಪ್ ಪೇಮೆಂಟಾ?

ವಿಷಯ ಏನಂದ್ರೆ, ಆ ಅಳಿಯ ಸೋಮವಾರ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯೋ ಹೊತ್ತಿಗೇ ಡಿಡಿ ಕೊಟ್ಟ ಬ್ರಾಂಚಿಗೆ ಹೋಗಿ "ಡಿಡಿ ಕಳೆದುಹೋಗಿದೆ" ಅಂತ ಅರ್ಜಿ ಕೊಟ್ಟು ಇಂಡೆಮ್ನಿಟಿ ಬಾಂಡ್ (ಮುಂದೆ ನಷ್ಟ ಆದ್ರೆ ನಾನೇ ಹೊಣೆ ಅನ್ನೋ ಪತ್ರ) ಬರ್ಕೊಟ್ಟು ದುಡ್ಡು ವಾಪಸ್ ಕೇಳಿದ್ದ. ಡಿಡಿ ಖಾತೇಲಿ ದುಡ್ಡಿಲ್ಲ ಅಂತ ವಾಪಸ್ ಬರಲ್ಲ ನಿಜ, ದುಡ್ಡು ಮೊದ್ಲೇ ಕಟ್ಟಿಸ್ಕೊಂಡಿರ್ತಾರೆ. ಆದ್ರೆ ಹೆಸರಲ್ಲಿ ಅಕ್ಷರ ತಪ್ಪಿದ್ರೆ, ಡಿಡಿನೇ ನಕಲಿ ಆಗಿದ್ರೆ, ಕಳೆದುಹೋಗಿದೆ ಅಂತ ಯಾರಾದ್ರೂ ಬರ್ಕೊಟ್ಟಿದ್ರೆ ವಾಪಸ್ ಬರುತ್ತೆ.

ನಾನು ಮಾಡಿದ ಒಂದೇ ಒಳ್ಳೆ ಕೆಲ್ಸ ಅಂದ್ರೆ ಒರಿಜಿನಲ್ ಡಿಡಿನ ಯಾರ ಕೈಗೂ ಕೊಡ್ಲಿಲ್ಲ. "ಕೊಡಿ ಸಾರ್, ಬೇರೆ ಮಾಡಿಸ್ಕೊಡ್ತೀನಿ" ಅಂತ ಕಾರ್ ತಗೊಂಡ ಮನುಷ್ಯ ದಿನಾ ಫೋನು. ದಯವಿಟ್ಟು ಕೊಡ್ಬೇಡಿ. ಡಿಡಿ ನಿಮ್ಮ ಹತ್ರ ಇರೋದೇ ಅದು ಕಳೆದಿಲ್ಲ ಅನ್ನೋದಕ್ಕೆ ಸಾಕ್ಷಿ. ಎರಡೂ ಕಡೆ ಜೆರಾಕ್ಸ್ ಮಾಡ್ಸಿ, ರಿಟರ್ನ್ ಮೆಮೋ (ಪಿನ್ ಹೊಡೆದಿದ್ದ ಆ ಚೀಟಿ) ಮೇಲೆ ಕಾರಣ, ತಾರೀಕು, ಸೀಲು ಇದೆಯಾ ನೋಡ್ಕೊಳ್ಳಿ, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಮಾರನೇ ದಿನವೇ ಡಿಡಿ ಕೊಟ್ಟ ಬ್ರಾಂಚಿಗೆ ಹೋಗಿ ಡಿಡಿ ತೋರಿಸ್ದೆ. ಮ್ಯಾನೇಜರ್ ಮೊದ್ಲು "ಅದು ನೀವು, ಪಾರ್ಟಿ ಬಗೆಹರಿಸ್ಕೊಳ್ಳಿ" ಅಂದ್ರು. ನಮ್ಮ ಲಾಯರ್ ಹೇಳ್ಕೊಟ್ಟಿದ್ದನ್ನೇ ಹೇಳ್ದೆ: ಡಿಡಿ ಪೇಯೀ (ಯಾರ ಹೆಸರಿಗೆ ಬರೆದಿದೆಯೋ ಅವ್ರ) ಕೈಗೆ ಸೇರಿದ್ಮೇಲೆ ತೆಗೆಸಿದವನು ನಿಲ್ಸಿ ಅಂದ ತಕ್ಷಣ ಬ್ಯಾಂಕ್ ನಿಲ್ಲಿಸೋ ಹಾಗಿಲ್ಲ, ಬಾಂಬೆ ಹೈಕೋರ್ಟಲ್ಲಿ ಬೆಳಗಾಂ ಬ್ಯಾಂಕ್ ವಿರುದ್ಧದ ಹಳೇ ಕೇಸಲ್ಲೇ ಇದು ಬಂದಿದೆ. ಅವ್ರಿಗೆ ರಿಫಂಡ್ ಮಾಡ್ಬೇಡಿ ಅಂತ ಲೆಟರ್ ಬರ್ದು ಕಾಪಿ ಮೇಲೆ ಸೀಲ್ ಹಾಕ್ಸಿದೆ. ಸೀಲ್ ಹಾಕಕ್ಕೇ ಮುಕ್ಕಾಲು ಗಂಟೆ. ನನ್ನ ಪುಣ್ಯ, ರಿಫಂಡ್ ಇನ್ನೂ ಆಗಿರ್ಲಿಲ್ಲ.

ಅವತ್ತೇ ಆರ್‌ಟಿಒಗೆ ಹೋಗಿ ಟ್ರಾನ್ಸ್‌ಫರ್ ಮಾಡ್ಬೇಡಿ ಅಂತ ಅರ್ಜಿ ಕೊಟ್ಟೆ. ಪೊಲೀಸ್ ಸ್ಟೇಷನಲ್ಲಿ "ಇದು ಸಿವಿಲ್ ಮ್ಯಾಟ್ರು" ಅಂತ ಎಫ್‌ಐಆರ್ ಹಾಕ್ಲಿಲ್ಲ, ಆದ್ರೂ ಕಂಪ್ಲೇಂಟ್ ತಗೊಂಡು ಸ್ವೀಕೃತಿ ಕೊಟ್ರು, ಆ ಹಾಳೆ ಆಮೇಲೆ ಬ್ಯಾಂಕಲ್ಲಿ ಬಹಳ ಕೆಲ್ಸಕ್ಕೆ ಬಂತು. ಚೆಕ್ ಬೌನ್ಸ್ ಆದಾಗ ಹಾಕೋ 138 ಕೇಸ್ ಹಾಕೋಣ ಅಂದಿದ್ದಕ್ಕೆ ಲಾಯರ್ ನಕ್ಕರು, ಅದು ಒಬ್ಬ ತನ್ನ ಖಾತೆಯಿಂದ ಕೊಟ್ಟ ಚೆಕ್‌ಗೆ, ಬ್ಯಾಂಕ್ ಬರೆದ ಡಿಡಿಗಲ್ಲ.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಬರ್ಲಿಲ್ಲ ಅಂದ್ರೆ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ಹಾಕ್ಬಹುದು, ಫೀಸ್ ಇಲ್ಲ, ಲಾಯರೂ ಬೇಡ, ವಿಚಾರಿಸಕ್ಕೆ 14448. ನಾನು 31ನೇ ದಿನ ಹಾಕ್ದೆ. ಅಲ್ಲೀವರೆಗೆ "ಹೆಡ್ ಆಫೀಸಿಗೆ ಕಳ್ಸಿದೀವಿ" ಅನ್ನೋದು ಬಿಟ್ರೆ ಬೇರೆ ಮಾತಿಲ್ಲ, ಹಾಕಿದ್ಮೇಲೆ ಬ್ಯಾಂಕಿನವ್ರೇ ಫೋನ್ ಮಾಡಿದ್ರು. ಒಂದು ನೆನಪಿರ್ಲಿ, ಡಿಡಿಗೆ ಈಗ ಮೂರೇ ತಿಂಗಳು ಆಯಸ್ಸು, 2012ರ ಏಪ್ರಿಲ್‌ಗೆ ಮುಂಚೆ ಆರಿತ್ತು. ಓಡಾಡ್ತಾ ಓಡಾಡ್ತಾ ಅದು ಮುಗಿದುಹೋದ್ರೆ ಇನ್ನೊಂದು ತಲೆನೋವು.

ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ, 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ (ಖಾತೆಯಿಂದ ಖಾತೆಗೆ ನೇರ ದುಡ್ಡು ಕಳ್ಸೋದು) 24 ಗಂಟೆನೂ ಇದೆ, ಎರಡನೇ ಶನಿವಾರ ಸಂಜೆನೂ. ಖಾತೆಗೆ ದುಡ್ಡು ಬಂದ್ಮೇಲೆ ಕೀ ಕೊಟ್ಟಿದ್ರೆ ಮುಗೀತಿತ್ತು. ಡಿಡಿನೇ ಬೇಕು ಅಂದ್ರೆ ಅವ್ರ ಜೊತೆ ಬ್ಯಾಂಕಿಗೆ ಹೋಗಿ ಕೌಂಟರಲ್ಲಿ ಬರೆಯೋದನ್ನ ಕಣ್ಣಾರೆ ನೋಡಿ, ಆದ್ರೂ ದುಡ್ಡು ಕ್ರೆಡಿಟ್ ಆಗೋವರೆಗೆ ಗಾಡಿ ನಿಮ್ಮನೆ ಮುಂದೆನೇ ಇರ್ಲಿ.

ಅಳಿಯ ಕೊನೆಗೆ "ಕಳೆದುಹೋಗಿದೆ ಅಂತ ತಪ್ಪು ತಿಳ್ಕೊಂಡಿದ್ದೆ" ಅಂತ ಬರ್ಕೊಟ್ಟ, 43ನೇ ದಿನ ದುಡ್ಡು ಬಂತು. ಈಗ ಆರ್‌ಟಿಒದಲ್ಲಿ ಕೊಟ್ಟ ಅರ್ಜಿ ವಾಪಸ್ ತಗೊಳ್ಳಿ ಸಾರ್ ಅಂತ ಮಾವ ದಿನಕ್ಕೆ ನಾಕು ಸಲ ಫೋನ್ ಮಾಡ್ತಿದಾರೆ. ಸೋಮವಾರ ಹೋಗ್ತೀನಿ ಅಂದಿದೀನಿ.