ರೋಗಿಯ ಮುಖ ಕಾಣುವ ಮುದ್ರಣ: ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಮಾಡಿಸಿದ ನಾಲ್ಕು ಚಿತ್ರಗಳು

ಚಿಕ್ಕಮಗಳೂರಿನ ಇಂದಿರಾಗಾಂಧಿ ರಸ್ತೆಯಿಂದ ಒಳಕ್ಕೆ ಸರಿದ ಬೀದಿಯೊಂದರಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಅಂಗಡಿಯವರು ಈಗ ಐತಿಹಾಸಿಕ ಚಿತ್ರಗಳನ್ನು ಮುದ್ರಿಸಿಯೂ ಕೊಡುತ್ತಿದ್ದಾರೆ. ಸಾಂಕ್ರಾಮಿಕ ರೋಗಗಳು ಹಬ್ಬಿದ ಕಾಲದಲ್ಲಿ ಅರಸರೂ ಅರಸು ಮನೆತನದವರೂ ರೋಗಿಗಳ ಬಳಿಗೆ ಹೋದ, ಅಥವಾ ಪ್ರಜೆಗಳ ಭಯವನ್ನು ನೀಗಿಸಲು ತಾವೇ ಮುಂದೆ ಬಂದ ಸಂದರ್ಭಗಳ ನಾಲ್ಕು ಚಿತ್ರಗಳನ್ನು ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಪಡಸಾಲೆಗಾಗಿ ಅಲ್ಲಿ ಮಾಡಿಸಿದೆವು. ಇಂಥ ಮುದ್ರಣವನ್ನು ಕೊಳ್ಳುವವರು ಮೊದಲು ರೋಗಿಯ ಮುಖ ಸ್ಪಷ್ಟವಾಗಿದೆಯೇ ಎಂದು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅರಸನ ಮುಖ ಹೇಗೂ ಚೆನ್ನಾಗಿಯೇ ಮೂಡುತ್ತದೆ, ಏಕೆಂದರೆ ಚಿತ್ರಕಾರನು ಬೆಳಕಿನ ಬಹುಪಾಲನ್ನು ಅವನ ಮೇಲೆಯೇ ಸುರಿದಿರುತ್ತಾನೆ.

ಆಂತ್ವಾನ್ ಝಾನ್ ಗ್ರೋ 1804ರಲ್ಲಿ ಬಿಡಿಸಿದ, ಇಂದಿನ ಇಸ್ರೇಲಿನ ಕರಾವಳಿಯಲ್ಲಿರುವ ಜಾಫಾದ ಪ್ಲೇಗ್ ರೋಗಿಗಳನ್ನು ನೆಪೋಲಿಯನ್ ಭೇಟಿಯಾಗುವ ಚಿತ್ರದಲ್ಲಿ ಈ ಮಾತು ಎದ್ದು ಕಾಣುತ್ತದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೂಲ ಚಿತ್ರದ ಅಗಲ 7 ಮೀಟರಿಗೂ ಹೆಚ್ಚು, ಎತ್ತರ 5 ಮೀಟರಿಗೂ ಹೆಚ್ಚು. ಅದನ್ನು 24 ಅಂಗುಲಕ್ಕೆ ಇಳಿಸಿದಾಗ ನಡುವೆ ನಿಂತ ನೆಪೋಲಿಯನ್, ರೋಗಿಯ ಕಂಕುಳ ಬಳಿಯ ಗಡ್ಡೆಗೆ ಅವನು ಚಾಚಿದ ಬರಿಗೈ, ಹಿಂದೆ ಮೂಗಿಗೆ ಬಟ್ಟೆ ಹಿಡಿದ ಅಧಿಕಾರಿ, ಎಡಬದಿಯಲ್ಲಿ ರೊಟ್ಟಿ ಹಂಚುವವರು ಎಲ್ಲರೂ ಉಳಿದರು. ಆದರೆ ಕೆಳಗಿನ ನೆರಳಿನಲ್ಲಿ ಸಾಯುತ್ತಾ ಬಿದ್ದವರು ಹೊಳಪು ಕಾಗದದ ಮೊದಲ ಪ್ರತಿಯಲ್ಲಿ ಕಪ್ಪು ಕಲೆಯಾಗಿ ಹೋಗಿದ್ದರು. ಅವರಿಲ್ಲದೆ ಆ ಕೈ ಚಾಚಿದ್ದಕ್ಕೆ ಅರ್ಥವೇ ಇರುವುದಿಲ್ಲ. ನೆರಳಿನ ಭಾಗವನ್ನು ತುಸು ತಿಳಿಗೊಳಿಸಿ, ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಮತ್ತೆ ಮುದ್ರಿಸಿದಾಗ ಕಣ್ಣುಬೇನೆಯಿಂದ ಕುರುಡಾಗಿ ಕಂಬವನ್ನು ತಡವುವ ಸೈನಿಕನವರೆಗೆ ಎಲ್ಲರೂ ಕಾಣಿಸಿಕೊಂಡರು.

ಈ ಚಿತ್ರದ ಅಡಿಬರಹದಲ್ಲಿ ‘ಚಕ್ರವರ್ತಿ ನೆಪೋಲಿಯನ್’ ಎಂದು ಹಾಕಿದ್ದರು. ಭೇಟಿ ನಡೆದ 1799ರ ಮಾರ್ಚ್‌ನಲ್ಲಿ ಅವನು ಸೇನಾಪತಿಯಾಗಿದ್ದ. ಚಕ್ರವರ್ತಿಯೆಂದು ಘೋಷಿತನಾದದ್ದು 1804ರ ಮೇ ತಿಂಗಳಲ್ಲಿ. ಈ ಐದು ವರ್ಷಗಳ ಅಂತರವನ್ನು ಮರೆತರೆ ಚಿತ್ರವನ್ನು ಏಕೆ ಬರೆಸಲಾಯಿತು ಎಂಬುದೇ ತಿಳಿಯುವುದಿಲ್ಲ. ಫ್ರೆಂಚ್ ಸೇನೆ ಅಲ್ಲಿಂದ ಹಿಮ್ಮೆಟ್ಟುವಾಗ, ನಡೆಯಲಾಗದ ರೋಗಿಗಳಿಗೆ ಅಫೀಮು ಕೊಟ್ಟು ಕೊಲ್ಲಲು ಅವನು ಸೂಚಿಸಿದನೆಂಬ ಆರೋಪ ಯುರೋಪಿನಲ್ಲಿ ಹರಡಿತ್ತು. ಫ್ರಾನ್ಸಿನ ಹಳೆಯ ದೊರೆಗಳು ಗಂಡಮಾಲೆಯ (ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವ ರೋಗದ) ರೋಗಿಗಳನ್ನು ಕೈಯಿಂದ ಮುಟ್ಟಿ ಗುಣಪಡಿಸುತ್ತಾರೆಂಬ ನಂಬಿಕೆಯನ್ನು ನೆನಪಿಸುವ ಈ ಸ್ಪರ್ಶವು ಆ ಆರೋಪಕ್ಕೆ ಬಣ್ಣದಲ್ಲಿ ಕೊಟ್ಟ ಉತ್ತರವಾಗಿತ್ತು. ಅಡಿಬರಹವನ್ನು ಅಂಗಡಿಯವರು ಕೂಡಲೇ ತಿದ್ದಿಕೊಟ್ಟರು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಮೈಸೂರಿನ ಚಿತ್ರ. 1805ರ ಸುಮಾರಿನದೆಂದು ಗುರುತಿಸಲಾಗಿರುವ, ಥಾಮಸ್ ಹಿಕಿಯ ಕೃತಿಯೆಂದು ಹೇಳಲಾಗುವ ಈ ತೈಲಚಿತ್ರದಲ್ಲಿ ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರೆಂದೂ, ಸೆರಗು ಸರಿಸಿ ಅವರು ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನೆಂದೂ, ಎಡಗಡೆಯವರ ಮೂಗು ಬಾಯಿಗಳ ಸುತ್ತ ಬಣ್ಣ ಬದಲಾಗಿರುವುದು ಹಳೆಯ ಪದ್ಧತಿಯಂತೆ ಸಿಡುಬಿನ ಕೀವನ್ನೇ ಬಳಸಿ ಮಾಡುತ್ತಿದ್ದ ರಕ್ಷಣೆಯ ಗುರುತೆಂದೂ ಇತಿಹಾಸಕಾರ ನೈಜಲ್ ಚಾನ್ಸೆಲರ್ ವಾದಿಸಿದ್ದಾರೆ. ಜೆನ್ನರ್ ತನ್ನ ಲಸಿಕೆಯ ವಿಷಯವನ್ನು ಪ್ರಕಟಿಸಿದ್ದು 1798ರಲ್ಲಿ; ಭಾರತದಲ್ಲಿ ಅದನ್ನು ಮೊದಲು ಪಡೆದದ್ದು 1802ರ ಜೂನ್‌ನಲ್ಲಿ ಮುಂಬಯಿಯ ಮೂರು ವರ್ಷದ ಒಂದು ಮಗು. ಶೀತಲ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದ ದ್ರವವನ್ನು ಇನ್ನೊಬ್ಬರ ತೋಳಿಗೆ ದಾಟಿಸಬೇಕಾಗಿತ್ತು. ಅದು ಯಾವ ಜಾತಿಯವರ ಮೈಯಿಂದ ಬಂದದ್ದೋ ಎಂಬ ಅಂಜಿಕೆ ಜನರಲ್ಲಿತ್ತು. ಅಂಥ ಹೊತ್ತಿನಲ್ಲಿ ರಾಣಿಯೊಬ್ಬರು ತೋಳು ಚಾಚಿದ್ದು ಜಾಫಾದ ಕೈಗಿಂತ ದೊಡ್ಡ ಕರುಣೆಯೆಂದು ನಾನು ಭಾವಿಸುತ್ತೇನೆ, ಏಕೆಂದರೆ ಅದರಿಂದ ಮುಂದೆ ಬದುಕುಳಿಯುವವರಿದ್ದರು.

ಅಂಗಡಿಯವರ ಮೊದಲ ಪ್ರತಿಯಲ್ಲಿ ಎಡಗಡೆಯ ರಾಣಿಯ ಮುಖ ನುಣ್ಣಗೆ, ಒಂದೇ ಬಣ್ಣದಲ್ಲಿತ್ತು. ಕೇಳಿದಾಗ, “ಹಳೆ ಬಣ್ಣ ಕೆಟ್ಟು ಕಲೆಯಾಗಿದೆ ಅಂದ್ಕೊಂಡು ಕಂಪ್ಯೂಟರಿನಲ್ಲಿ ತೆಗೆಸಿದ್ವಿ ಸರ್” ಎಂದು ಮಾಲೀಕರು ವಿನಯದಿಂದಲೇ ಹೇಳಿದರು. ಚಿತ್ರವನ್ನು ಅಂದಗೊಳಿಸಲು ಹೋಗಿ ಅದರ ಸಾಕ್ಷ್ಯವನ್ನೇ ಅಳಿಸಿದ್ದರು. ನಾನು ಕಾರಣವನ್ನು ವಿವರಿಸಿದ ಮೇಲೆ ಅವರು ತಿದ್ದದ ಪ್ರತಿಯನ್ನು ಬೇರೆ ಹಣ ಪಡೆಯದೆ ಮುದ್ರಿಸಿಕೊಟ್ಟರು. ಇಂಥ ಸೌಜನ್ಯ ಎಲ್ಲ ಕಡೆಯೂ ಸಿಗುವುದಿಲ್ಲ. ಆದರೂ ಹಳೆಯ ಚಿತ್ರಗಳನ್ನು ಕೊಡುವಾಗ ‘ಯಾವ ತಿದ್ದುಪಡಿಯನ್ನೂ ಮಾಡಬಾರದು’ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳುವುದು ಒಳ್ಳೆಯದು.

ಉಳಿದೆರಡು ಕಾಲರಾ ಕಾಲದವು. 1832ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗೆ ಫ್ರಾನ್ಸಿನ ಯುವರಾಜ ಓರ್ಲಿಯನ್ಸ್ ಡ್ಯೂಕ್ ಭೇಟಿಯಿತ್ತ ಚಿತ್ರ ಸಾಧಾರಣವಾಗಿ ಮೂಡಿದೆ. ಅಂದು ಅವನ ಜೊತೆಗಿದ್ದ ಪ್ರಧಾನಿ ಕಾಸಿಮಿರ್ ಪೆರಿಯೇ ಅದೇ ರೋಗದಿಂದ ಮೇ ತಿಂಗಳಲ್ಲಿ ತೀರಿಕೊಂಡರೆಂಬುದನ್ನು ಅಡಿಬರಹದಲ್ಲಿ ಸೇರಿಸಿಸಿದೆವು. ಇಟಲಿಯ ದೊರೆ ಮೊದಲನೆಯ ಉಂಬೆರ್ತೊ 1884ರ ಸೆಪ್ಟೆಂಬರ್‌ನಲ್ಲಿ ನೇಪಲ್ಸ್ ನಗರದ ರೋಗಿಗಳನ್ನು ಕಂಡ ಮರದಚ್ಚಿನ ಚಿತ್ರವಂತೂ ನಾಲ್ಕರಲ್ಲೂ ಅತ್ಯುತ್ತಮ ಮುದ್ರಣ. ಗೆರೆಗಳಿಂದಲೇ ಕಟ್ಟಿದ ಚಿತ್ರವಾದ್ದರಿಂದ ಹಾಸಿಗೆಯ ಮೇಲಿನ ಪ್ರತಿಯೊಂದು ಮುಖವೂ ಅರಸನ ಮುಖದಷ್ಟೇ ಚುರುಕಾಗಿದೆ. ಮರುವರ್ಷವೇ ನಗರದ ಪುನರ್ನಿರ್ಮಾಣದ ಕಾನೂನು ಜಾರಿಯಾಯಿತು, ಸೆರಿನೊದಿಂದ ಶುದ್ಧ ನೀರಿನ ಕಾಲುವೆಯೂ ಬಂತು. ವಿದ್ಯಾರ್ಥಿಗಳಿಗೆ ನಾನು ಈ ಚಿತ್ರವನ್ನು ಆ ನೀರಿನೊಂದಿಗೆ ಸೇರಿಸಿಯೇ ಹೇಳುತ್ತೇನೆ.

ಕಟ್ಟಿನ ಕೆಲಸದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಗಳು ಬೆವರುತ್ತವೆ, ಗಾಜಿಗೆ ಅಂಟಿಕೊಂಡ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇವರು ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡು ಇಟ್ಟು, ಹಿಂಬದಿಯ ಅಂಚುಗಳಿಗೆ ಟೇಪು ಸುತ್ತಿ, ಗೋಡೆಗೆ ತಾಗದಂತೆ ಕೆಳಮೂಲೆಗಳಲ್ಲಿ ಸಣ್ಣ ಬಿರಡೆಗಳನ್ನು ಕೂರಿಸಿದ್ದಾರೆ. ಹತ್ತಿಯ ಕಾಗದ ಮತ್ತು ಪಿಗ್ಮೆಂಟ್ ಶಾಯಿಯ ಮುದ್ರಣವೊಂದಕ್ಕೆ 1,400 ರೂಪಾಯಿ, ಕಟ್ಟಿಗೆ ಬೇರೆ 1,100 ರೂಪಾಯಿ ತೆಗೆದುಕೊಂಡರು. ಹೊಳಪು ಕಾಗದ ಇದರ ಅರ್ಧ ಬೆಲೆಗೆ ಸಿಗುತ್ತದೆಯಾದರೂ ಗ್ರೋನ ಚಿತ್ರಕ್ಕೆ ಅದನ್ನು ಖಂಡಿತ ಆರಿಸಬೇಡಿ. ನೇಪಲ್ಸಿನ ಚಿತ್ರಕ್ಕಾದರೆ ಅದೂ ಸಾಕು.